ಎಲ್ಲರಿಗೂ ಒಂದೇ ಹೊರೆ

ಆಫೀಸಿನಲ್ಲಿ ಅವಳನ್ನು ಎದುರಿಗೆ ಮೇಡಂ ಅನ್ನುತ್ತಿದ್ದರು, ಬೆನ್ನ ಹಿಂದೆ ತಕ್ಕಡಿ. ಅದು ಅವಳಿಗೂ ಗೊತ್ತಿತ್ತು, ಬೇಜಾರೇನೂ ಇರಲಿಲ್ಲ. ನಲವತ್ತೈದು ದಾಟಿದ ಹೆಂಗಸಿಗೆ ಇಂಥದ್ದಕ್ಕೆಲ್ಲ ಬೇಜಾರು ಮಾಡಿಕೊಳ್ಳುವಷ್ಟು ಶಕ್ತಿ ಎಲ್ಲಿ ಉಳಿದಿರುತ್ತದೆ? ಇದ್ದಬದ್ದದ್ದೆಲ್ಲ ಬೆಳಿಗ್ಗೆ ಕೆಟ್ಟು ನಿಂತ ಲಿಫ್ಟಿಗೆ ಶಾಪ ಹಾಕುತ್ತಾ ಮೆಟ್ಟಿಲು ಹತ್ತುವುದರಲ್ಲೇ ಮುಗಿದುಹೋಗುತ್ತಿತ್ತು.

ಅವಳ ಕೆಲಸವೇ ತೂಗುವುದು. ತೂಗುತ್ತಿದ್ದದ್ದು ಅಕ್ಕಿ ಬೇಳೆಯನ್ನಲ್ಲ. ಅವಳ ಕಂಪನಿ ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತಿತ್ತು. ಕೌಂಟರಿನಲ್ಲಿ ರೋಗಿಯ ಹೆಸರು ಹೊಡೆದರೆ ಸಾಕು, ಹಿಂದೆ ಯಾವಾಗ ಬಂದಿದ್ದರು, ಯಾವ ಡಾಕ್ಟರು ನೋಡಿದ್ದರು, ಏನು ಮಾತ್ರೆ ಕೊಟ್ಟಿದ್ದರು, ಎಲ್ಲ ಪರದೆಯ ಮೇಲೆ ಬರಬೇಕು. ಆ ವಿವರವೆಲ್ಲ ಕೂತಿರುವುದು ಡೇಟಾಬೇಸಿನಲ್ಲಿ. ಪ್ರೋಗ್ರಾಮಿನ ಭಾಷೆ ಒಂದು, ಡೇಟಾಬೇಸಿನ ಭಾಷೆ ಇನ್ನೊಂದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಸಂಸಾರ. ಇವೆರಡರ ನಡುವೆ ನಿಂತು ಈ ಕಡೆಯ ಮಾತನ್ನು ಆ ಕಡೆಗೆ ತಿಳಿಸಿ, ಆ ಕಡೆಯ ಸರಕನ್ನು ಈ ಕಡೆಗೆ ಹೊತ್ತು ತರುವ ಮಧ್ಯವರ್ತಿ ಸಲಕರಣೆಗಳಿಗೆ ಓಆರ್‌ಎಂ ಅಂತ ಹೆಸರು. ಇವು ಜಗತ್ತಿನಲ್ಲಿ ಬೇಕಾದಷ್ಟಿವೆ. ಒಂದೊಂದನ್ನು ಮಾಡಿದವರೂ ನಮ್ಮದೇ ಎಲ್ಲಕ್ಕಿಂತ ಚುರುಕು ಅನ್ನುತ್ತಾರೆ. ಹೆತ್ತವರಿಗೆ ಹೆಗ್ಗಣ ಮುದ್ದು. ಹೆಗ್ಗಣಗಳನ್ನೆಲ್ಲ ಒಂದು ಕಡೆ ಸೇರಿಸಿ, ಒಂದೇ ಕೆಲಸ ಕೊಟ್ಟು, ಯಾವುದು ಎಷ್ಟು ಹೊತ್ತಿನಲ್ಲಿ ಮುಗಿಸಿತು ಎಂದು ಹೇಳುವುದಕ್ಕೆ ಬೆಂಚ್‌ಮಾರ್ಕ್ ಅನ್ನುತ್ತಾರೆ. ಅದನ್ನು ಆಫೀಸಿನಲ್ಲಿ ಅವಳೊಬ್ಬಳೇ ಮಾಡುತ್ತಿದ್ದಳು. ಬೇರೆ ಯಾರೂ ಮುಂದೆ ಬರಲಿಲ್ಲ, ಬರುವಷ್ಟು ದಡ್ಡರೂ ಅಲ್ಲಿರಲಿಲ್ಲ. ಗೆದ್ದವರು ನಾವು ಗೆಲ್ಲುವುದು ಗೊತ್ತೇ ಇತ್ತು ಅನ್ನುತ್ತಾರೆ, ಸೋತವರು ತಕ್ಕಡಿಯೇ ಸರಿಯಿಲ್ಲ ಅನ್ನುತ್ತಾರೆ. ಥ್ಯಾಂಕ್ಸ್ ಅಂದವರನ್ನು ಅವಳು ಇನ್ನೂ ನೋಡಿರಲಿಲ್ಲ.

ತೂಗುವ ಕಂಪ್ಯೂಟರು ಇದ್ದದ್ದು ಮುರಿದ ಕುರ್ಚಿಗಳನ್ನು ಪೇರಿಸಿಟ್ಟ ಮೂಲೆಯ ಕೋಣೆಯಲ್ಲಿ. ತೂಗುವ ಹೊತ್ತಿನಲ್ಲಿ ಆ ಯಂತ್ರ ಬೇರೇನೂ ಮಾಡಬಾರದು. ಒಂದು ಸಲ ಯಾರೋ ಪುಣ್ಯಾತ್ಮ ಊಟದ ಹೊತ್ತಿಗೆ ಬಂದು ಅದರಲ್ಲೇ ಕ್ರಿಕೆಟ್ ನೋಡಿ ಹೋಗಿದ್ದ. ಒಂದು ವಾರದ ಲೆಕ್ಕವೆಲ್ಲ ಏರುಪೇರಾಗಿತ್ತು. ಅಂದಿನಿಂದ ಪರದೆಗೆ ಒಂದು ಚೀಟಿ ಅಂಟಿಸಿದ್ದಳು: ‘ತೂಕ ನಡೆಯುತ್ತಿದೆ, ಮುಟ್ಟಬೇಡಿ.’ ತಕ್ಕಡಿ ಅನ್ನುವ ಹೆಸರು ಬಂದದ್ದು ಆ ಚೀಟಿಯಿಂದಲೇ.

ಅವಳನ್ನೇ ಕೇಳಿದ್ದರೆ, ತಕ್ಕಡಿ ಆಫೀಸಿಗಿಂತ ಮುಂಚೆ ಮನೆಯಲ್ಲಿತ್ತು ಅನ್ನುತ್ತಿದ್ದಳು. ಅಕ್ಕ ತಂಗಿ ಇಬ್ಬರು, ಅಕ್ಕ ಇವಳು. ಇಬ್ಬರಿಗೂ ಒಂದೇ ಲೆಕ್ಕ, ಒಂದೇ ಶಾಲೆ, ಒಂದೇ ಟೀಚರು. ಅಕ್ಕನಿಗೆ ಹೆಚ್ಚು ಅಂಕ ಬಂದರೆ ಅಮ್ಮ, “ನೀನು ದೊಡ್ಡವಳು, ಬರ್ಲೇಬೇಕು” ಅನ್ನುತ್ತಿದ್ದಳು. ತಂಗಿಗೆ ಹೆಚ್ಚು ಬಂದರೆ, “ನೋಡು, ನಿನಗಿಂತ ಚಿಕ್ಕವಳು.” ಸಮ ಬಂದರೆ, “ಪಾಪ, ಅವಳಿಗೆ ಅವತ್ತು ನೆಗಡಿ ಇತ್ತು ಕಣೇ.” ಯಾವ ಕಡೆಯಿಂದ ತೂಗಿದರೂ ಅಮ್ಮನ ಹೆಬ್ಬೆರಳು ತಂಗಿಯ ತಟ್ಟೆಯ ಮೇಲೆಯೇ. ಅಮ್ಮ ಕೆಟ್ಟವಳಲ್ಲ. ತಂಗಿ ಸಣಕಲಿ, ಹುಟ್ಟಿದಾಗಿನಿಂದ ಒಂದಲ್ಲ ಒಂದು ಕಾಯಿಲೆ. ಇದೆಲ್ಲ ಅವಳಿಗೆ ಅರ್ಥವಾಗಿತ್ತು, ಆದರೆ ಮರೆತಿರಲಿಲ್ಲ. ಈಗ ಆ ಅಮ್ಮ ಇವಳ ಮನೆಯಲ್ಲೇ ಇದ್ದಳು, ಕಿಟಕಿ ಪಕ್ಕದ ಮಂಚದ ಮೇಲೆ ಕೂತು ಮಂಡಿ ತಿಕ್ಕಿಕೊಳ್ಳುತ್ತಾ, ತಂಗಿಯ ಫೋನಿಗೆ ಕಾಯುತ್ತಾ.

ತೂಗುವುದನ್ನು ಅವಳಿಗೆ ಕಲಿಸಿದವರು ಮೇಷ್ಟ್ರು. ಅವರು ಯಾವ ಶಾಲೆಯ ಮೇಷ್ಟ್ರೂ ಅಲ್ಲ, ಅದೇ ಕಂಪನಿಯ ಹಳೆಯ ಎಂಜಿನಿಯರು. ಹೊಸಬರು ಬಂದರೆ ಪಕ್ಕದಲ್ಲಿ ಕೂರಿಸಿಕೊಂಡು ತಾಳ್ಮೆಯಿಂದ ಹೇಳಿಕೊಡುತ್ತಿದ್ದರು, ಅದಕ್ಕೇ ಆ ಹೆಸರು. ಅವಳು ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರು ಹೇಳಿದ ಮಾತು ಎರಡೇ. “ಎಲ್ಲರಿಗೂ ಒಂದೇ ಹೊರೆ ಹೊರಿಸು. ಆಮೇಲೆ ಯಾವುದನ್ನ ತೂಗ್ತಿದ್ದೀಯೋ, ಅದನ್ನ ಪ್ರೀತಿಸೋರೊಬ್ಬರ ಕೈಲಿ ನಿನ್ನ ಪರೀಕ್ಷೆ ಓದಿಸು. ಅವರು ಸರಿ ಅನ್ನೋವರೆಗೂ ಯಾರಿಗೂ ಫಲಿತಾಂಶ ಕೊಡಬೇಡ.” ಈ ಎರಡನೆಯ ಮಾತು ಆಫೀಸಿನ ಪದ್ಧತಿಯೇ ಆಗಿಹೋಗಿತ್ತು. ಪ್ರತಿ ಸಲಕರಣೆಗೂ ಒಬ್ಬ ಅಭಿಮಾನಿ. ಅವನು ಓದಿ, ನಮ್ಮವನಿಗೆ ಮೋಸವಾಗಿಲ್ಲ ಎಂದು ಒಪ್ಪಿಗೆ ಕೊಟ್ಟ ಮೇಲೆಯೇ ಅಂಕಿಗಳು ಹೊರಗೆ.

ಕಂಪನಿ ಬಳಸುತ್ತಿದ್ದ ಮಧ್ಯವರ್ತಿಯನ್ನು ಮೇಷ್ಟ್ರೇ ಕಟ್ಟಿದ್ದರು, ಹೊರಗಿನವು ಇನ್ನೂ ಕಣ್ಣು ಬಿಡದಿದ್ದ ಕಾಲದಲ್ಲಿ. ಈಗಿನ ಹುಡುಗರು ಅದಕ್ಕೆ ಅಜ್ಜಿ ಅನ್ನುತ್ತಿದ್ದರು. ಅಜ್ಜಿಗೆ ಯಾವಾಗ ಮೈ ಹುಷಾರು ತಪ್ಪುತ್ತದೆ, ಯಾವ ಕೆಲಸ ಕೊಟ್ಟರೆ ಮುನಿಸಿಕೊಳ್ಳುತ್ತಾಳೆ, ಎಲ್ಲ ಗೊತ್ತಿದ್ದದ್ದು ಮೇಷ್ಟ್ರಿಗೆ ಮಾತ್ರ. ಅವರ ಮೇಜಿನ ಮೇಲೆ ಬೇರೆ ಕೆಲಸವೇ ಇರಲಿಲ್ಲ.

ಅಜ್ಜಿ ಬಳಲಿದ್ದಾಳೆ ಅನ್ನುವುದು ಅವಳಿಗೆ ಗೊತ್ತಾದದ್ದು ಆಫೀಸಿನಲ್ಲಿ ಅಲ್ಲ. ಅಮ್ಮನ ಮಂಡಿ ತೋರಿಸಲು ಹೋದ ಆಸ್ಪತ್ರೆಯಲ್ಲಿ ಇವರದ್ದೇ ಸಾಫ್ಟ್‌ವೇರ್ ಇತ್ತು. ಕೌಂಟರಿನಾಕೆ ಹೆಸರು ಹೊಡೆದಳು. ಪರದೆಯ ನಡುವೆ ಸಣ್ಣ ಚಕ್ರ ತಿರುಗತೊಡಗಿತು. ಹಿಂದೆ ಸಾಲು ಬೆಳೆಯಿತು, ಯಾರದೋ ಮಗು ಅಳತೊಡಗಿತು, ಬೆಂಚುಗಳೆಲ್ಲ ಭರ್ತಿ. ಅಮ್ಮ ಕೌಂಟರಿನ ಅಂಚು ಹಿಡಿದು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸುತ್ತಾ ನಿಂತಳು. “ಸ್ವಲ್ಪ ತಡೀರಿ ಅಮ್ಮಾ, ಇದು ಯಾವಾಗ್ಲೂ ಹೀಗೇ” ಅಂದಳು ಕೌಂಟರಿನಾಕೆ.

“ಯಾರು ಮಾಡಿದ್ದಾರೋ ಇದನ್ನ,” ಅಮ್ಮ ಹೇಳಿದಳು, “ಅವರ ಕೈ ಸೇದಿಹೋಗ.”

ಮಗಳು ನೆಲ ನೋಡಿದಳು. ಮಾರನೆಯ ದಿನ ಕ್ಯಾಂಟೀನಿನಲ್ಲಿ ಮೇಷ್ಟ್ರಿಗೆ ಇದನ್ನು ಹೇಳಿದಾಗ ಶಾಪದ ಮಾತನ್ನು ಮಾತ್ರ ನುಂಗಿಕೊಂಡಳು. ಅವರು ಟೀ ಲೋಟವನ್ನು ಸುಮ್ಮನೆ ತಿರುಗಿಸುತ್ತಾ ಕೇಳಿಸಿಕೊಂಡರು.

ಆಸ್ಪತ್ರೆಗಳಿಂದ ದೂರು ಬರುತ್ತಲೇ ಇತ್ತು. ಕೊನೆಗೊಂದು ದಿನ ಮ್ಯಾನೇಜರ್ ಅವಳನ್ನು ಕರೆದರು. ಎಲ್ಲರ ಜೊತೆಗೂ ನಗುನಗುತ್ತಲೇ ಮಾತಾಡುವ ಮನುಷ್ಯ, ಅವರು ನಕ್ಕಾಗಲೇ ಭಯ ಪಡಬೇಕು.

“ಹೊರಗಿನವು ಎರಡು ಇವೆ ಮೇಡಂ. ಅವನ್ನ ಅಜ್ಜಿ ಜೊತೆ ತೂಗಿ. ಸುಮಾರಾಗಿ ಅಜ್ಜಿ ಸಮಕ್ಕಿದ್ರೆ ನಾನು ಬದಲಾಯಿಸೋ ತಲೆನೋವು ತಗೊಳ್ಳಲ್ಲ. ಅಜ್ಜಿ ತುಂಬಾ ಹಿಂದಿದ್ರೆ ಬಿಡ್ಲೇಬೇಕು.”

“ಅಜ್ಜೀನ ಬಿಟ್ರೆ ಮೇಷ್ಟ್ರು?”

ಮ್ಯಾನೇಜರ್ ನಕ್ಕರು. “ಅಜ್ಜಿ ಇಲ್ದೆ ಅವರಿಗೇನು ಕೆಲಸ ಕೊಡೋಣ ಹೇಳಿ?” ಮೇಷ್ಟ್ರು ನಿವೃತ್ತಿಗೆ ಇನ್ನೂ ಎರಡು ವರ್ಷ ಇದ್ದ ಮನುಷ್ಯ. ಹೊರಗೆ ಅವರನ್ನು ಯಾರೂ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ. ಅಜ್ಜಿಯನ್ನು ಬಲ್ಲವರು ಈ ಆಫೀಸಿನ ಆಚೆ ಯಾರಿಗೂ ಬೇಕಾಗಿರಲಿಲ್ಲ.

ಮೆಟ್ಟಿಲಿಳಿದು ಬರುವಾಗ ಅವಳಿಗೆ ಒಮ್ಮೆಲೇ ಸುಸ್ತಾಯಿತು. ರಜೆ ಹಾಕಿ ಮಲಗಿಬಿಡಬೇಕು ಅನ್ನಿಸಿತು. ಬೇರೆ ಯಾರಾದರೂ ತೂಗಲಿ. ಆದರೆ ಬೇರೆ ಯಾರು ತೂಗಿದರೂ ಅಜ್ಜಿಗೆ ನ್ಯಾಯ ಸಿಗುವುದಿಲ್ಲ ಅನ್ನುವುದೂ ಗೊತ್ತಿತ್ತು. ಕುರ್ಚಿಗಳ ಕೋಣೆಗೆ ಹೋಗಿ ಚೀಟಿ ನೆಟ್ಟಗೆ ಅಂಟಿಸಿ ಕೂತಳು.

ಹೊರಗಿನ ಎರಡಕ್ಕೂ ಅವಳೇ ಹೆಸರಿಟ್ಟಳು. ಜಾಹೀರಾತು ಜೋರಾಗಿದ್ದದ್ದಕ್ಕೆ ಚಿಗರೆ, ಸಪ್ಪೆ ಮೋರೆಯದ್ದಕ್ಕೆ ಕತ್ತೆ. ಮೊದಲ ತೂಕದಲ್ಲಿ ಚಿಗರೆ ಹಾರಿಹೋಯಿತು. ಕತ್ತೆ ಬಹಳ ಹಿಂದೆ, ಅಜ್ಜಿ ಅದಕ್ಕಿಂತ ಹಿಂದೆ. ಚಿಗರೆಯ ವೇಗ ನೋಡಿದರೆ ಕೆಲಸ ಹೇಳುವ ಮೊದಲೇ ಮುಗಿಸಿದಂತಿತ್ತು. ಇಷ್ಟು ವರ್ಷ ತೂಗಿದವಳಿಗೆ ಅಷ್ಟು ಒಳ್ಳೆಯ ಅಂಕಿ ಕಂಡರೆ ಖುಷಿಯಾಗುವುದಿಲ್ಲ, ತಲೆನೋವು ಬರುತ್ತದೆ.

ಅದು ಸಿಕ್ಕಿಬಿದ್ದಾಗ ಅವಳು ಒಬ್ಬಳೇ ನಕ್ಕಳು, ಆ ವಾರದಲ್ಲಿ ಮೊದಲ ಸಲ. ರೋಗಿಗಳ ವಿವರ ತಾ ಅಂದರೆ ಚಿಗರೆ ತರುತ್ತೇನೆ ಅನ್ನುತ್ತಿತ್ತು, ಅಷ್ಟೇ. ಯಾರಾದರೂ ಆ ವಿವರವನ್ನು ತೆರೆದು ನೋಡುವವರೆಗೂ ಕೂತ ಕಡೆಯಿಂದ ಏಳುತ್ತಿರಲಿಲ್ಲ. ಅವಳ ಪರೀಕ್ಷೆ ತಾ ಅನ್ನುವಲ್ಲಿಗೇ ಮುಗಿಯುತ್ತಿತ್ತು, ತಂದದ್ದನ್ನು ತೆರೆಯುತ್ತಿರಲಿಲ್ಲ. ಅಂಗಡಿಗೆ ಹೋಗಿ ಬಾ ಅಂದರೆ ಹೂಂ ಅಂದು ಜಗುಲಿಯ ಮೇಲೆ ಕೂತ ಮೈಗಳ್ಳನಿಗೆ ಮೊದಲ ಬಹುಮಾನ ಕೊಟ್ಟ ಹಾಗಾಗಿತ್ತು. ತಪ್ಪು ಚಿಗರೆಯದ್ದಲ್ಲ, ಅವಳದ್ದೇ. ತಂದ ಸರಕನ್ನು ಎಲ್ಲರ ಕೈಯಲ್ಲೂ ಬಿಚ್ಚಿಸಿ ತೋರಿಸುವಂತೆ ಪರೀಕ್ಷೆಯನ್ನು ಮೊದಲಿನಿಂದ ಬರೆದಳು. ಮೂರಕ್ಕೂ ಹೊಸದಾಗಿ ಬರೆಯಬೇಕಾಯಿತು. ಕುತ್ತಿಗೆ ಹಿಡಿದುಕೊಂಡಿತು, ಕಣ್ಣು ಉರಿಯಿತು.

ಹೊಸ ತೂಕದಲ್ಲಿ ಚಿಗರೆ ನೆಲಕ್ಕಿಳಿಯಿತು. ಕತ್ತೆ ಮೊದಲು, ಅದರ ಬಾಲಕ್ಕೆ ತಾಗಿಕೊಂಡಂತೆ ಅಜ್ಜಿ, ಆಮೇಲೆ ಚಿಗರೆ. ಅವಳು ಇನ್ನೊಮ್ಮೆ ತೂಗಿದಳು. ಮತ್ತೆ ಅದೇ. ಕಣ್ಣಲ್ಲಿ ನೀರು ಬಂತು. ಪರದೆ ನೋಡಿ ನೋಡಿ ಬಂದದ್ದು ಅಂತ ಅಂದುಕೊಂಡಳು.

ಮ್ಯಾನೇಜರಿಗೆ ಪದ್ಧತಿಯ ಪ್ರಕಾರ ಹೇಳುವಂತಿರಲಿಲ್ಲ. ಆದರೆ ಅವರು ಕಾರಿಡಾರಿನಲ್ಲಿ ತಡೆದು, “ಸುಮಾರಾಗಿ ಹೇಗಿದೆ?” ಅಂದರು.

“ಅಜ್ಜಿ ತುಂಬಾ ಹಿಂದಿಲ್ಲ ಸರ್. ಒಪ್ಪಿಗೆ ಇನ್ನೂ ಬಾಕಿ ಇದೆ.”

“ಹಾಗಾದ್ರೆ ಅಜ್ಜಿಯೇ ಇರ್ಲಿ ಬಿಡಿ. ಒಪ್ಪಿಗೆ ಬಂದ ಮೇಲೆ ಕಳಿಸಿ.” ಈ ಸಲ ಅವರ ನಗುವಿನಲ್ಲಿ ಕಪಟವಿರಲಿಲ್ಲ.

ಚಿಗರೆಯ ಅಭಿಮಾನಿ ಗೊಣಗುತ್ತಾ ಒಪ್ಪಿದ. ಕತ್ತೆಯ ಅಭಿಮಾನಿ ಓದದೆಯೇ ಒಪ್ಪಿದ, ಗೆದ್ದವನಿಗೇನು. ಉಳಿದದ್ದು ಅಜ್ಜಿಯದ್ದು. ಅಜ್ಜಿಯನ್ನು ಪ್ರೀತಿಸುವವರು ಇಡೀ ಆಫೀಸಿನಲ್ಲಿ ಒಬ್ಬರೇ.

ಮಧ್ಯಾಹ್ನ ಊಟವಾದ ಮೇಲೆ, ಎಲ್ಲರೂ ತೂಕಡಿಸುವ ಹೊತ್ತಿನಲ್ಲಿ, ಮೇಷ್ಟ್ರ ಮೇಜಿಗೆ ಹೋದಳು. ಎಷ್ಟೋ ದಿನದ ಮೇಲೆ ಮೈ ಹಗುರವಾಗಿತ್ತು. ಪರೀಕ್ಷೆ ತೆರೆದಿಟ್ಟು, “ಓದಿ ಸರ್. ಒಳ್ಳೇ ಸುದ್ದಿ” ಅಂದಳು. ಅವರು ಅಂಕಿಗಳನ್ನು ನೋಡಲಿಲ್ಲ. ಯಾವತ್ತೂ ಮೊದಲು ನೋಡುವವರಲ್ಲ. ಕನ್ನಡಕ ಏರಿಸಿ ಕತ್ತೆಯದ್ದನ್ನು ಓದಿದರು, ಚಿಗರೆಯದ್ದನ್ನು ಓದಿದರು, ಕೊನೆಗೆ ಅಜ್ಜಿಯದ್ದು. ಅಲ್ಲಿ ಅವರ ಬೆರಳು ಒಂದು ಕಡೆ ನಿಂತಿತು. ಮತ್ತೆ ಕತ್ತೆಯದ್ದಕ್ಕೆ ಹೋದರು, ಮತ್ತೆ ಬಂದರು.

“ಮ್ಯಾನೇಜರ್ ಏನಂದ್ರು?” ಕೇಳಿದರು.

“ಅಂತರ ಇಷ್ಟೇ ಇದ್ರೆ ಅಜ್ಜಿಯೇ ಇರ್ಲಿ ಅಂದ್ರು.”

“ಅಂದ್ರೆ ಇದಕ್ಕೆ ನಾನು ಸರಿ ಅಂದ್ರೆ ಅಜ್ಜಿ ಉಳೀತಾಳೆ.”

“ನೀವೂ ಉಳೀತೀರಿ ಸರ್.”

ಅವರು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ಅವಳು ಕಾದಳು. ಎಲ್ಲೋ ಪ್ರಿಂಟರ್ ಒಂದು ಕೆಮ್ಮಿ ಸುಮ್ಮನಾಯಿತು.

“ಇಲ್ಲಿ ನೋಡಮ್ಮ,” ಅಂದರು. “ಕತ್ತೆಗೆ ಏನು ಕೇಳಿದ್ದೀಯ? ರೋಗಿಯ ಇಡೀ ವಿವರ. ವಿಳಾಸ, ಹಳೇ ಕಾಯಿಲೆ, ಡಾಕ್ಟರು ಬರೆದಿದ್ದು, ಎಲ್ಲಾ. ಚಿಗರೆಗೂ ಅದೇ. ಅಜ್ಜಿಗೆ?”

ಅವಳು ಬಗ್ಗಿ ನೋಡಿದಳು. ಅಜ್ಜಿಗೆ ಕೇಳಿದ್ದು ಹೆಸರು, ವಯಸ್ಸು, ಕೊನೆಯ ಭೇಟಿ. ಪರದೆಯ ಮೊದಲ ಸಾಲಿನಲ್ಲಿ ಕಾಣುವಷ್ಟು ಮಾತ್ರ. ಉಳಿದೆರಡಕ್ಕೆ ಮೂಟೆ ಹೊರಿಸಿ ಅಜ್ಜಿಯ ಕೈಗೆ ಬರೀ ಕೈಚೀಲ ಕೊಟ್ಟಿದ್ದಳು.

ಅಜ್ಜಿಯ ಮುಂದೆ ಕೂತಾಗಲೆಲ್ಲ ಹಾಗೆಯೇ ಬರೆಯುವುದು ಅವಳಿಗೆ ರೂಢಿ. ಬೇಕಾದ್ದಷ್ಟೇ ಕೇಳು, ಅಜ್ಜಿಗೆ ಭಾರ ಆಗದ ಹಾಗೆ ಕೇಳು, ಅಂತ ಇದೇ ಮೇಷ್ಟ್ರು ಕಲಿಸಿದ್ದು. ಹೊರಗಿನ ಎರಡಕ್ಕೆ ಅವುಗಳ ಕೈಪಿಡಿಯ ಮೊದಲ ಪುಟದಲ್ಲಿದ್ದ ಹಾಗೆ ಬರೆದಿದ್ದಳು. ಮೊದಲ ಸಲ ಬರೆದಾಗ ಎಚ್ಚರವಾಗಿದ್ದಳು, ಮೂರಕ್ಕೂ ಒಂದೇ ಹೊರೆ ಇತ್ತು. ಎರಡನೆಯ ಸಲ ದಣಿದಿದ್ದಳು. ಕೈ ತನ್ನ ಪಾಡಿಗೆ ತಾನು ಬರೆದಿತ್ತು. ರೂಢಿಯೇ ಇರಬಹುದು, ಕರುಳೇ ಇರಬಹುದು, ಅವಳಿಗೂ ಗೊತ್ತಾಗಲಿಲ್ಲ. ಅಮ್ಮನ ಹೆಬ್ಬೆರಳಿಗೂ ಇಷ್ಟೇ ಗೊತ್ತಿದ್ದಿರಬೇಕು. ಪಾಪ ಅನ್ನುವುದಕ್ಕಿಂತ ಭಾರದ ತೂಕದ ಕಲ್ಲು ಯಾವ ಅಂಗಡಿಯಲ್ಲೂ ಇಲ್ಲ ಅನ್ನಿಸಿ ಅವಳಿಗೆ ಮುಖ ಬಿಸಿಯಾಯಿತು.

“ಬೇಕಂತ ಮಾಡಿದ್ದಲ್ಲ ಸರ್.”

“ಗೊತ್ತಮ್ಮ. ಬೇಕಂತ ಮಾಡಿದ್ರೆ ಇನ್ನೂ ನೀಟಾಗಿ ಮಾಡ್ತಿದ್ದೆ.”

ಅವಳು ತಾನೇ ನಂಬದ ದನಿಯಲ್ಲಿ ಹೇಳಿದಳು. “ಸರ್, ಇದನ್ನ ಬೇರೆ ಯಾರೂ ನೋಡಿಲ್ಲ. ಎರಡೇ ವರ್ಷ ಅಲ್ವಾ. ನೀವು ನೋಡ್ಲಿಲ್ಲ ಅಂತ ಇಟ್ಕೊಳ್ಳಿ.”

ಮೇಷ್ಟ್ರಿಗೆ ಸಿಟ್ಟು ಬಂತು. ಅವರಿಗೆ ಸಿಟ್ಟು ಬಂದದ್ದನ್ನು ಅವಳು ಅದೇ ಮೊದಲು ನೋಡಿದ್ದು. “ಕಣ್ಣಿದ್ದೂ ಕುರುಡ ಆಗು ಅಂತೀಯ? ಇಷ್ಟು ವರ್ಷ ನಿನಗೆ ಹೇಳ್ಕೊಟ್ಟಿದ್ದು ಇದನ್ನಾ?” ಅಂದರು. ಆಮೇಲೆ ಸಿಟ್ಟು ಇಳಿದು, ಅದರ ಜೊತೆ ಇನ್ನೇನೋ ಇಳಿದ ಹಾಗಾಗಿ, ಕುರ್ಚಿಗೆ ಒರಗಿದರು. “ನಂಗೇನು ಆಸೆ ಇಲ್ಲ ಅಂದ್ಕೊಂಡ್ಯಾ? ಈಗ ಕನ್ನಡಕ ಒರೆಸ್ತಿದ್ನಲ್ಲ, ಅಷ್ಟು ಹೊತ್ತೂ ಅದನ್ನೇ ಯೋಚನೆ ಮಾಡ್ತಿದ್ದೆ.”

ಅವಳು ಅಜ್ಜಿಗೆ ಬರೆದಿದ್ದ ಸಾಲನ್ನೇ ಮತ್ತೆ ಓದಿದಳು.

“ನಿಮ್ಮಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ಯಲ್ಲ,” ಮೇಷ್ಟ್ರು ಕೇಳಿದರು. “ಆ ಚಕ್ರ ತಿರುಗೋವಾಗ ಅವರು ಕೂತಿದ್ರಾ, ನಿಂತಿದ್ರಾ?”

ಕೂತಿದ್ದರು ಅನ್ನಬೇಕು ಅಂತ ನಾಲಿಗೆಯ ತುದಿಗೆ ಬಂತು. “ನಿಂತಿದ್ರು ಸರ್. ಬೆಂಚು ಖಾಲಿ ಇರ್ಲಿಲ್ಲ.”

“ಹೂಂ. ನಡಿ.”

ಇಬ್ಬರೂ ಕುರ್ಚಿಗಳ ಕೋಣೆಗೆ ಹೋದರು. ಮೇಷ್ಟ್ರೇ ಕೂತು ಅಜ್ಜಿಗೆ ಇಡೀ ಮೂಟೆ ಹೊರಿಸಿದರು. ಅಜ್ಜಿ ಕೊನೆಗೆ ಬಂದಳು, ಬಹಳ ಹಿಂದೆ. “ಈಗ ಮೂರಕ್ಕೂ ಕೈಚೀಲ ಕೊಡೋಣ” ಅಂದು ಹಾಗೂ ನೋಡಿದರು. ಆಗಲೂ ಕತ್ತೆ, ಚಿಗರೆ, ಆಮೇಲೆ ಅಜ್ಜಿ. ಯಂತ್ರದ ಫ್ಯಾನು ಗಿರ್ರೆಂದು ತಿರುಗುತ್ತಿತ್ತು. ಮೇಷ್ಟ್ರು ಅಂಕಿಗಳನ್ನು ಬಹಳ ಹೊತ್ತು ನೋಡಿದರು, ಡಾಕ್ಟರು ಹೇಳಿದ್ದನ್ನು ಮನೆಯವರು ಕೇಳಿಸಿಕೊಳ್ಳುವ ಹಾಗೆ.

“ಅವಳಿಗೂ ಸುಸ್ತಾಗಿದೆ ಕಣಮ್ಮ,” ಅಂದರು. “ನಾವೇ ಬಿಡ್ತಿರ್ಲಿಲ್ಲ.”

ಆಮೇಲೆ ಒಪ್ಪಿಗೆಯ ಜಾಗದಲ್ಲಿ ‘ಸರಿಯಾಗಿದೆ’ ಅಂತ ಹೊಡೆದು ಎದ್ದರು. ಮುರಿದ ಕುರ್ಚಿಯೊಂದು ಕಾಲಿಗೆ ಅಡ್ಡ ಬಂತು. ಅದನ್ನು ಎತ್ತಿ ಪಕ್ಕಕ್ಕಿಟ್ಟು ಹೋದರು. ಅವಳು ಅಲ್ಲೇ ಕೂತು ಅತ್ತಳು. ಗುರುವಿಗೇ ತಿರುಮಂತ್ರ ಹಾಕಿದೆ ಅನ್ನುವ ದುಃಖ ಒಂದು ಕಡೆ. ತೂಗುವಾಗ ತನ್ನ ಕೈ ತಪ್ಪಿದ್ದನ್ನು ಆ ಗುರುವೇ ಹಿಡಿದು ಸರಿಮಾಡಿದರಲ್ಲ ಅನ್ನುವ ನಾಚಿಕೆ ಇನ್ನೊಂದು ಕಡೆ. ಎರಡರಲ್ಲಿ ಯಾವುದು ಹೆಚ್ಚು ಅಂತ ತೂಗುವ ಗೋಜಿಗೆ ಹೋಗಲಿಲ್ಲ.

ಮುಂದಿನದೆಲ್ಲ ಆಗಬೇಕಾದ ಹಾಗೆಯೇ ಆಯಿತು. ಮ್ಯಾನೇಜರ್ ನಕ್ಕರು. ಮೇಷ್ಟ್ರನ್ನು ಹೂಗುಚ್ಛ ಕೊಟ್ಟು ಕಳಿಸಿದರು, ಬೀಳ್ಕೊಡುಗೆಯಲ್ಲಿ ಮಾತಾಡಿದವರಲ್ಲಿ ಅರ್ಧ ಜನಕ್ಕೆ ಅಜ್ಜಿ ಅಂದರೆ ಏನು ಅಂತಲೇ ಗೊತ್ತಿರಲಿಲ್ಲ. ಅವರ ಮೇಜಿಗೆ ಬೇರೆ ಯಾರೋ ಬಂದರು. ಕತ್ತೆಯನ್ನು ಆಸ್ಪತ್ರೆಗಳಿಗೆ ಒಂದೊಂದಾಗಿ ಕಟ್ಟಿದರು. ಲಿಫ್ಟು ಮಾತ್ರ ಸರಿಯಾಗಲಿಲ್ಲ.

ಅಮ್ಮನ ಮಂಡಿ ಮತ್ತೆ ಊದಿಕೊಂಡಿತು. ಅದೇ ಆಸ್ಪತ್ರೆ, ಅದೇ ಕೌಂಟರು, ಒಳಗೆ ಕಾಲಿಡಲೂ ಜಾಗವಿಲ್ಲದಷ್ಟು ಜನ. ಸಾಲು ಮಾತ್ರ ಸರಸರನೆ ಸರಿಯುತ್ತಿತ್ತು. ಕೌಂಟರಿನಾಕೆ ಹೆಸರು ಹೊಡೆದಳು, ಹೊಡೆದು ಮುಗಿಸುವಷ್ಟರಲ್ಲಿ ವಿವರ ಬಂತು. ಅಮ್ಮ ಕೌಂಟರಿನ ಅಂಚು ಹಿಡಿಯಲು ಕೈ ಚಾಚಿದ್ದಳು, ಕೈ ಅಲ್ಲೇ ನಿಂತಿತು. “ಆಯ್ತಾ? ಇಷ್ಟೇನಾ?” ಅಂದಳು. “ಯಾರೋ ಸರಿ ಮಾಡಿದ್ದಾರೆ ಕಣೇ. ಅವರ ಹೊಟ್ಟೆ ತಣ್ಣಗಿರ್ಲಿ.”

ಅಮ್ಮನನ್ನು ಡಾಕ್ಟರ ಬಾಗಿಲ ಹತ್ತಿರ ಕೂರಿಸಿ ಅವಳು ಹೊರಗೆ ಬಂದು ಮೇಷ್ಟ್ರಿಗೆ ಫೋನ್ ಮಾಡಿದಳು. ಅವರು ಆಫೀಸು ಬಿಟ್ಟ ಮೇಲೆ ಮಾಡಿರಲಿಲ್ಲ, ಧೈರ್ಯ ಬಂದಿರಲಿಲ್ಲ.

“ಸರ್, ಅಮ್ಮನ್ನ ಕರ್ಕೊಂಡು ಬಂದಿದ್ದೆ. ಕಾಯೋದೇ ಇರ್ಲಿಲ್ಲ. ಹೆಸರು ಹೇಳ್ತಿದ್ದ ಹಾಗೇ ಬಂತು.”

ಆ ಕಡೆ ಯಾವುದೋ ನಲ್ಲಿ ನಿಲ್ಲಿಸಿದ ಸದ್ದು ಕೇಳಿಸಿತು.

“ಹೋದ ಸಲ ಹೋದ ಹೊತ್ತಿಗೇ ಹೋಗಿದ್ಯಾ?” ಮೇಷ್ಟ್ರು ಕೇಳಿದರು.

“ಅದೇ ಹೊತ್ತು ಸರ್.”

“ಜನ ಅಷ್ಟೇ ಇದ್ರಾ, ಕಮ್ಮಿ ಇದ್ರಾ?”

ಅವಳು ತಿರುಗಿ ಗಾಜಿನ ಬಾಗಿಲೊಳಗೆ ನೋಡಿದಳು. “ಇವತ್ತು ಜಾಸ್ತಿ ಇದ್ದಾರೆ ಸರ್.”

“ಹಾಗಾದ್ರೆ ಸರಿಯಾಗಿದೆ,” ಅಂದರು ಮೇಷ್ಟ್ರು.